ಹಾಸ್ಟೆಲ್ಲೋ, ಮನೆಯೋ? ಕಾಲೇಜು ಸೇರುವ ಮೊದಲು ಹಾಕಬೇಕಾದ ಲೆಕ್ಕ

2023ರಲ್ಲಿ ನನ್ನ ತಂಗಿಗೆ ಮೈಸೂರಿನ ಒಂದು ಕಾಲೇಜಿನಲ್ಲಿ ಬಿ.ಎಸ್‌ಸಿ. ಸೀಟು ಸಿಕ್ಕಿತು. ನಮ್ಮೂರು ಮಂಡ್ಯದಿಂದ ಆರು ಕಿಲೋಮೀಟರ್. ಅಲ್ಲಿಂದ ಮೈಸೂರಿಗೆ ಇನ್ನೊಂದು 45. "ಬಸ್ಸು ಫ್ರೀ ಮಾಡವ್ರೆ, ಮನೆಯಿಂದ್ಲೇ ಓಡಾಡ್ಲಿ. ಹಾಸ್ಟೆಲ್ ದುಡ್ಡು ಉಳೀತದೆ" ಅಂದರು ಅಪ್ಪ. "ಹೊತ್ತು ಹುಟ್ಟೋಕೆ ಮುಂಚೆ ಎದ್ದು ಹೋಗಿ, ಕತ್ತಲಾದ ಮೇಲೆ ಬಂದ್ರೆ ಓದೋದು ಯಾವಾಗ?" ಅಂದಳು ಅವ್ವ. ಎರಡೂ ಸರಿಯಾದ ಮಾತೇ. ಆದರೆ ಇಬ್ಬರ ಕೈಯಲ್ಲೂ ಲೆಕ್ಕ ಇರಲಿಲ್ಲ.

ಮೊದಲ ವರ್ಷ ತಂಗಿ ಮನೆಯಿಂದಲೇ ಓಡಾಡಿದಳು. ಎರಡನೇ ವರ್ಷ ಹಾಸ್ಟೆಲ್ ಸೇರಿದಳು. ಎರಡೂ ವರ್ಷದ ಖರ್ಚನ್ನು ನಾನು ಒಂದೇ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಒಬ್ಬಳೇ ಹುಡುಗಿ, ಒಂದೇ ಕಾಲೇಜು, ಎರಡು ತರಹದ ಬದುಕು. ಈ ವರ್ಷ ಕಾಲೇಜು ಸೇರುವ ಮಕ್ಕಳಿರುವ ಮನೆಗಳಿಗೆ ಆ ಲೆಕ್ಕ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ. ಮೊತ್ತಗಳು ನಮ್ಮ ಮನೆಯವು. ನಿಮ್ಮ ಊರಿಗೆ ಬೇರೆಯಾಗುತ್ತವೆ. ಲೆಕ್ಕ ಹಾಕುವ ರೀತಿ ಮಾತ್ರ ಎಲ್ಲ ಕಡೆಗೂ ಒಂದೇ.

1. ಮೊದಲು ಎರಡು ಪುಟ ಮಾಡಿಕೊಳ್ಳಿ

ಎಡಗಡೆ ಪುಟಕ್ಕೆ "ಮನೆ", ಬಲಗಡೆ ಪುಟಕ್ಕೆ "ಹಾಸ್ಟೆಲ್" ಅಂತ ಬರೆಯಿರಿ. ಕಾಲೇಜು ಫೀಸು, ಪುಸ್ತಕ, ಮೊಬೈಲ್ ರೀಚಾರ್ಜ್, ಬಟ್ಟೆ, ಇವು ಎಲ್ಲಿದ್ದರೂ ಒಂದೇ. ಇವನ್ನು ಎರಡೂ ಪುಟದಿಂದ ಬಿಟ್ಟುಬಿಡಿ. ಇವನ್ನೆಲ್ಲ ಸೇರಿಸಿಕೊಂಡರೆ ಮೊತ್ತ ನೋಡಿಯೇ ಗಾಬರಿಯಾಗುತ್ತದೆ, ಯಾವುದರಿಂದ ಜಾಸ್ತಿ ಆಯಿತು ಅಂತ ಗೊತ್ತಾಗುವುದಿಲ್ಲ.

ಇನ್ನೊಂದು ಮಾತು. ಹನ್ನೆರಡು ತಿಂಗಳಿಗೆ ಲೆಕ್ಕ ಹಾಕಬೇಡಿ. ರಜೆ ಕಳೆದರೆ ಮಕ್ಕಳು ಹತ್ತು ತಿಂಗಳು ಕಾಲೇಜಿನ ಸುತ್ತ ಇರುತ್ತಾರೆ. ನಿಜವಾಗಿ ಕಾಲೇಜಿಗೆ ಹೋಗುವ ದಿನಗಳನ್ನು ನಾವು 200 ಅಂತ ಹಿಡಿದೆವು. ಕೆಲವು ಪಿ.ಜಿ.ಗಳು (ದುಡ್ಡು ಕೊಟ್ಟು ಇರುವ ಖಾಸಗಿ ವಸತಿಗಳು) ಮಾತ್ರ ಊರಿಗೆ ಹೋದ ತಿಂಗಳಿಗೂ ಬಾಡಿಗೆ ಕೇಳುತ್ತವೆ. ಅಂಥ ಕಡೆ ಹನ್ನೊಂದೋ ಹನ್ನೆರಡೋ ತಿಂಗಳು ಬರೆದುಕೊಳ್ಳಿ.

2. ಮನೆಯ ಪುಟ ಖಾಲಿ ಬಿಡಬೇಡಿ

ಹೆಚ್ಚಿನವರು ತಪ್ಪುವುದು ಇಲ್ಲೇ. ಮನೆಯಲ್ಲಿದ್ದರೆ ಖರ್ಚೇ ಇಲ್ಲ ಅಂದುಕೊಳ್ಳುತ್ತೇವೆ. ಅಕ್ಕಿ, ಹಾಲು, ತರಕಾರಿ, ಗ್ಯಾಸ್ ಎಲ್ಲ ಹೇಗೂ ತರುತ್ತೇವಲ್ಲ ಅಂತ. ಆದರೆ ಒಬ್ಬರು ಮನೆ ಬಿಟ್ಟು ಹೋದರೆ ಆ ತಿಂಗಳ ಸಾಮಾನಿನ ಚೀಟಿ ಚಿಕ್ಕದಾಗುತ್ತದೆ. ತಂಗಿ ಹಾಸ್ಟೆಲ್ ಸೇರಿದ ಮೇಲೆ ನಮ್ಮನೆಯಲ್ಲಿ ತಿಂಗಳಿಗೆ ಸುಮಾರು 1,600 ರೂಪಾಯಿ ಕಡಿಮೆಯಾಯಿತು. ಅಂದರೆ ಅವಳು ಮನೆಯಲ್ಲಿದ್ದಾಗ ಹತ್ತು ತಿಂಗಳಿಗೆ 16,000 ಅವಳ ಊಟದ ಖರ್ಚೇ ಆಗಿತ್ತು.

ಆಮೇಲೆ ದಾರಿಯ ಖರ್ಚು. ಮಧ್ಯಾಹ್ನಕ್ಕೆ ಅವ್ವ ಡಬ್ಬಿ ಕಟ್ಟಿಕೊಡುತ್ತಿದ್ದಳು. ಹೆಚ್ಚಾಗಿ ಚಿತ್ರಾನ್ನ, ಇಲ್ಲಾಂದ್ರೆ ಚಪಾತಿ. ಆದರೆ ಬೆಳಗ್ಗೆ ಆರೂ ಮುಕ್ಕಾಲಿಗೆ ಬರೀ ಕಾಫಿ ಕುಡಿದು ಮನೆ ಬಿಟ್ಟ ಹುಡುಗಿ ಹನ್ನೊಂದು ಗಂಟೆಗೆ ಆ ಡಬ್ಬಿ ಬಿಚ್ಚುತ್ತಿದ್ದಳು. ಸಂಜೆ ನಾಲ್ಕಕ್ಕೆ ಮತ್ತೆ ಹಸಿವು. ಕ್ಯಾಂಟೀನಿನಲ್ಲಿ ಒಂದು ಪಫ್, ಒಂದು ಟೀ, ಬಸ್ ಸ್ಟ್ಯಾಂಡಿನಲ್ಲಿ ಒಂದು ಬಾಳೆಹಣ್ಣು. ದಿನಕ್ಕೆ 45 ರೂಪಾಯಿ ಅಂದರೂ 200 ದಿನಕ್ಕೆ 9,000. ಲ್ಯಾಬ್ ತಡವಾದ ದಿನ ಊರಿನ ಕೊನೇ ಬಸ್ಸು ತಪ್ಪಿದರೆ ಮಂಡ್ಯದಿಂದ ಆಟೋ. ಅದು ವರ್ಷಕ್ಕೆ 2,400 ಆಯಿತು. ಬ್ಯಾಗು ಒಂದೇ ವರ್ಷದಲ್ಲಿ ಹರಿಯಿತು, ಛತ್ರಿ ಬಸ್ಸಿನಲ್ಲೇ ಹೋಯಿತು. ಅದಕ್ಕೊಂದು ಸಾವಿರ. ಬಸ್ಸಿನ ದುಡ್ಡು ಇಲ್ಲದೆಯೇ ಒಟ್ಟು 28,400 ರೂಪಾಯಿ.

ಬಸ್ಸಿನ ದುಡ್ಡು ಯಾಕಿಲ್ಲ ಅಂದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತ. ರಾಜಹಂಸ, ಐರಾವತದಂಥ ಬಸ್ಸಿಗೆ ಇದು ನಡೆಯುವುದಿಲ್ಲ. ಕರ್ನಾಟಕದ ವಿಳಾಸವಿರುವ ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಯಾವಾಗಲೂ ಬ್ಯಾಗಿನಲ್ಲಿರಲಿ.

ಹುಡುಗರಿಗೆ ವಿದ್ಯಾರ್ಥಿ ಬಸ್ ಪಾಸ್ ಇದೆ. ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಪದವಿ ಓದುವವರಿಗೆ ಹತ್ತು ತಿಂಗಳ ಪಾಸು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಇನ್ನೂ ತುಂಬ ಕಡಿಮೆ. ಗಮನಿಸಬೇಕಾದದ್ದು ದೂರ. ಪಾಸು ಕೊಡುವುದು 60 ಕಿಲೋಮೀಟರ್‌ವರೆಗೆ ಮಾತ್ರ. ಮಂಡ್ಯದಿಂದ ಮೈಸೂರಿಗೆ ಸಿಗುತ್ತದೆ. ಮಂಡ್ಯದಿಂದ ಬೆಂಗಳೂರಿಗೆ ಸಿಗುವುದಿಲ್ಲ, ತುಮಕೂರಿನಿಂದ ಬೆಂಗಳೂರಿಗೂ ಇಲ್ಲ. ಅಂಥ ಕಡೆ ರೈಲಿನ ಸೀಸನ್ ಟಿಕೆಟ್ಟೇ ದಾರಿ. ಅದು 150 ಕಿಲೋಮೀಟರ್‌ವರೆಗೂ ಇದೆ. ತುಂಬ ಜನಕ್ಕೆ ಗೊತ್ತಿಲ್ಲದ ವಿಷಯ ಇನ್ನೊಂದಿದೆ: ಪದವಿ ಮುಗಿಯುವವರೆಗೆ ಹೆಣ್ಣುಮಕ್ಕಳಿಗೆ, 12ನೇ ತರಗತಿವರೆಗೆ ಗಂಡುಮಕ್ಕಳಿಗೆ, ಮನೆ ಮತ್ತು ಕಾಲೇಜಿನ ನಡುವೆ ಎರಡನೇ ದರ್ಜೆಯ ಸೀಸನ್ ಟಿಕೆಟ್ ಉಚಿತ. ಕಾಲೇಜಿನಿಂದ ಸರ್ಟಿಫಿಕೇಟ್ ಬರೆಸಿಕೊಂಡು ಸ್ಟೇಷನ್ನಿನಲ್ಲಿ ಕೇಳಬೇಕು.

ದಾರಿಯನ್ನು ಒಂದು ಸಲ ನೀವೇ ಓಡಾಡಿ ನೋಡಿ. ಅಪ್ಪ ಒಂದು ಸೋಮವಾರ ಬೆಳಗ್ಗೆ ತಂಗಿಯ ಜೊತೆ ಹೋದರು. ಮೈಸೂರಿಗೆ ಬೇಕಾದಷ್ಟು ಬಸ್ಸು ಅಂತ ಅವರು ಅಂದುಕೊಂಡಿದ್ದರು. ಬೈಪಾಸಿನಲ್ಲಿ ಹೋಗುವ ಬಸ್ಸುಗಳು ಮಂಡ್ಯ ಊರೊಳಕ್ಕೆ ಬರುವುದೇ ಇಲ್ಲ ಅಂತ ಅವತ್ತು ಕಣ್ಣಾರೆ ಕಂಡರು. ಸಿಕ್ಕಿದ ಬಸ್ಸಿನಲ್ಲಿ ಶ್ರೀರಂಗಪಟ್ಟಣದವರೆಗೂ ಇಬ್ಬರೂ ನಿಂತೇ ಹೋದರು.

3. ಹಾಸ್ಟೆಲ್ ಪುಟದಲ್ಲಿ ಬೋರ್ಡಿನ ಮೊತ್ತ ಮಾತ್ರ ಬರೆಯಬೇಡಿ

ಹಾಸ್ಟೆಲ್ಲಿನ ಆಫೀಸಿನ ಬೋರ್ಡಿನಲ್ಲಿ ಬರೆದಿದ್ದದ್ದು ರೂಮಿಗೆ ವರ್ಷಕ್ಕೆ 24,000, ಮೆಸ್ಸಿಗೆ ತಿಂಗಳಿಗೆ 3,200. ಹತ್ತು ತಿಂಗಳಿಗೆ ಒಟ್ಟು 56,000. ಇದಲ್ಲದೆ 5,000 ಡಿಪಾಸಿಟ್. ಅದು ವಾಪಸ್ ಬರುವ ದುಡ್ಡು, ಹಾಗಾಗಿ ಖರ್ಚಿಗೆ ಸೇರಿಸಲಿಲ್ಲ. ಆದರೆ ಜೂನ್ ತಿಂಗಳಲ್ಲಿ ಕೈಯಲ್ಲಿ ಇರಬೇಕಾದ ದುಡ್ಡು ಅದು, ಬೇರೆ ಕಡೆ ಗುರುತು ಮಾಡಿಕೊಳ್ಳಿ.

ಉಳಿದದ್ದು ಬೋರ್ಡಿನಲ್ಲಿ ಇರುವುದಿಲ್ಲ. ಹಾಸಿಗೆ, ದಿಂಬು, ಎರಡು ಬೆಡ್‌ಶೀಟು, ಬಕೆಟ್ಟು, ಮಗ್ಗು, ಬೀಗ, ತಟ್ಟೆ ಲೋಟ, ಎಕ್ಸ್‌ಟೆನ್ಷನ್ ಬೋರ್ಡು, ಸೊಳ್ಳೆ ಪರದೆ. ಮೊದಲ ವಾರದಲ್ಲೇ 4,200 ಆಯಿತು. ಸೋಪು, ಸರ್ಫು, ಸ್ಯಾನಿಟರಿ ಪ್ಯಾಡು, ತಲೆನೋವಿನ ಮಾತ್ರೆ, ಮನೆಯಲ್ಲಿ ಅವ್ವನ ಸಾಮಾನು ಚೀಟಿಯಲ್ಲಿ ಸೇರಿಹೋಗುತ್ತಿದ್ದ ಇಂಥವು ತಿಂಗಳಿಗೆ 300. ಹೊರಗಿನ ತಿಂಡಿ ತಿಂಗಳಿಗೆ ಒಂದು ಸಾವಿರ.

ಈ ಹೊರಗಿನ ತಿಂಡಿಯ ಬಗ್ಗೆ ಮಕ್ಕಳನ್ನು ಬೈಯುವ ಮೊದಲು ಮೆಸ್ಸಿನ ಊಟದ ಪಟ್ಟಿ ನೋಡಿ. ತಂಗಿಯ ಹಾಸ್ಟೆಲ್ಲಿನಲ್ಲಿ ಭಾನುವಾರ ರಾತ್ರಿ ಅಡುಗೆ ಇರಲಿಲ್ಲ. ಸಂಜೆ ಟೀ ಕೊಟ್ಟರೆ ಜೊತೆಗೆ ಏನೂ ಇಲ್ಲ, ರಾತ್ರಿ ಊಟ ಎಂಟು ಗಂಟೆಗೆ. ನಾಲ್ಕು ವಾರ ನೋಡಿ ಅವ್ವ ಒಂದು ಉಪಾಯ ಮಾಡಿದಳು. ಊರಿಗೆ ಬಂದು ಹೋಗುವಾಗಲೆಲ್ಲ ಒಂದು ದೊಡ್ಡ ಡಬ್ಬಿಯಲ್ಲಿ ಹುರಿಗಡಲೆ ಕಲಸಿದ ಖಾರದ ಮಂಡಕ್ಕಿ, ಇನ್ನೊಂದರಲ್ಲಿ ರಾಗಿ ಹುರಿಹಿಟ್ಟು, ಒಂದು ಪೊಟ್ಟಣ ಬೆಲ್ಲ. ರೂಮಿನ ನಾಲ್ಕೂ ಹುಡುಗಿಯರು ಹುರಿಹಿಟ್ಟಿಗೆ ಬಿಸಿನೀರು, ಬೆಲ್ಲ ಹಾಕಿ ಕಲಸಿಕೊಂಡು ತಿನ್ನುತ್ತಿದ್ದರು. ಬೇರೆ ಹುಡುಗಿಯರ ಮನೆಯಿಂದ ಚಕ್ಕುಲಿ, ಶೇಂಗಾ ಚಟ್ನಿ ಬರೋಕೆ ಶುರುವಾಯಿತು. ಹಾಗಾಗಿ ಒಂದು ಸಾವಿರಕ್ಕೆ ನಿಂತಿತು, ಇಲ್ಲಾಂದ್ರೆ ಎರಡಾಗುತ್ತಿತ್ತು.

ಒಟ್ಟು ಎಷ್ಟಾಯಿತು? 56,000, ಅದಕ್ಕೆ 4,200, 3,000, 10,000 ಸೇರಿಸಿದರೆ 73,200. ಮನೆಯ ಪುಟದ 28,400 ಕಳೆದರೆ ವ್ಯತ್ಯಾಸ 44,800 ರೂಪಾಯಿ. ಹಾಸ್ಟೆಲ್ಲಿನ ಖರ್ಚು ಬೋರ್ಡಿನಲ್ಲಿ ಬರೆದದ್ದಕ್ಕಿಂತ 17,200 ಜಾಸ್ತಿ. ಆದರೆ ಮನೆಯಲ್ಲಿ ಇಟ್ಟುಕೊಂಡಿದ್ದರೆ ಉಳಿಯುತ್ತಿದ್ದ ದುಡ್ಡು ಅಪ್ಪ ಅಂದುಕೊಂಡ 56,000ಕ್ಕಿಂತ 11,200 ಕಡಿಮೆ. ಎರಡೂ ಪುಟ ಪೂರ್ತಿ ತುಂಬುವವರೆಗೆ ಇದು ಕಾಣುವುದೇ ಇಲ್ಲ.

ಮೆಸ್ ಬಿಲ್ಲಿನ ಬಗ್ಗೆ ಒಂದು ಪ್ರಶ್ನೆ ಕೇಳಲೇಬೇಕು: ತಿಂಗಳಿಗೆ ಇಷ್ಟು ಅಂತ ಫಿಕ್ಸ್ ಆಗಿದೆಯೋ, ಡಿವೈಡಿಂಗ್ ಪದ್ಧತಿಯೋ? ಡಿವೈಡಿಂಗ್ ಅಂದರೆ ಆ ತಿಂಗಳ ಅಡುಗೆಯ ಪೂರ್ತಿ ಖರ್ಚನ್ನು ಊಟ ಮಾಡಿದವರಿಗೆ ಹಂಚುವುದು. ಟೊಮೆಟೊ, ಎಣ್ಣೆ ರೇಟು ಏರಿದ ತಿಂಗಳು ಬಿಲ್ಲೂ ಏರುತ್ತದೆ. ಜೊತೆಗೆ, ಎಷ್ಟು ದಿನ ಊರಿಗೆ ಹೋದರೆ ಮೆಸ್ ದುಡ್ಡು ಕಡಿತವಾಗುತ್ತದೆ, ಎಷ್ಟು ದಿನ ಮೊದಲು ಬರೆದುಕೊಡಬೇಕು ಅಂತಲೂ ಕೇಳಿ. ದಸರಾ ರಜೆಗೆ ಬರುವಾಗ ಒಂದು ಚೀಟಿ ಬರೆದುಕೊಡೋದನ್ನು ಮರೆತು ತಂಗಿ ಒಂಬತ್ತು ದಿನದ ಊಟದ ದುಡ್ಡು ಕಳೆದುಕೊಂಡಳು.

4. ಈಗ ಗಂಟೆಗಳ ಲೆಕ್ಕ

ದುಡ್ಡಿನ ಲೆಕ್ಕಕ್ಕಿಂತ ಇದು ದೊಡ್ಡದು ಅಂತ ನನ್ನ ಅಭಿಪ್ರಾಯ. ತಂಗಿ ಬೆಳಗ್ಗೆ 6.45ಕ್ಕೆ ಮನೆ ಬಿಟ್ಟು 9.15ಕ್ಕೆ ಕಾಲೇಜು ಮುಟ್ಟುತ್ತಿದ್ದಳು. ಸಂಜೆ 4.45ಕ್ಕೆ ಹೊರಟರೆ ಮನೆಗೆ 7.15. ದಿನಕ್ಕೆ ಐದು ಗಂಟೆ. 200 ದಿನಕ್ಕೆ ಒಂದು ಸಾವಿರ ಗಂಟೆ ದಾರಿಯಲ್ಲೇ ಹೋಯಿತು. "ಬಸ್ಸಲ್ಲೇ ಓದ್ಕೋಬೋದು" ಅಂತ ನಾವೂ ಹೇಳಿದ್ದೆವು. ಸೀಟು ಸಿಕ್ಕರೆ ಪುಸ್ತಕ ತೆಗೆಯುತ್ತಿದ್ದಳು ನಿಜ. ಒಂದು ದಿನ ನಾನೂ ಅದೇ ಬಸ್ಸಿನಲ್ಲಿದ್ದೆ. ಶ್ರೀರಂಗಪಟ್ಟಣದ ಸೇತುವೆ ದಾಟುವಷ್ಟರಲ್ಲಿ ಅವಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ತೊಡೆಯ ಮೇಲೆ ಕೆಮಿಸ್ಟ್ರಿ ರೆಕಾರ್ಡು ತೆರೆದೇ ಇತ್ತು, ಪೆನ್ನಿನ ಕ್ಯಾಪು ಬಾಯಲ್ಲೇ ಇತ್ತು. ಮನೆಗೆ ಬಂದ ಮೇಲೂ ಅವಳು ಕೂತವಳಲ್ಲ. ಹೆಣ್ಣುಮಗಳು ಮನೆಗೆ ಬಂದರೆ ಪಾತ್ರೆಯೋ, ಹಸುವಿಗೆ ಹುಲ್ಲು ಹಾಕುವುದೋ, ಏನಾದರೂ ಕೆಲಸ ಕಾದಿರುತ್ತದೆ. ಇದನ್ನೂ ಮನೆಯ ಪುಟದಲ್ಲಿ ಪ್ರಾಮಾಣಿಕವಾಗಿ ಬರೆಯಿರಿ.

ಹಾಸ್ಟೆಲ್ಲಿನಿಂದ ಕಾಲೇಜಿಗೆ ಹದಿನೈದು ನಿಮಿಷ ನಡಿಗೆ. ವರ್ಷಕ್ಕೆ ನೂರು ಗಂಟೆ. ಹಾಗಾದರೆ ಉಳಿದದ್ದು 900 ಗಂಟೆ. 44,800 ರೂಪಾಯಿಯನ್ನು 900ರಿಂದ ಭಾಗಿಸಿ: ಗಂಟೆಗೆ ಸುಮಾರು 50 ರೂಪಾಯಿ ಕೊಟ್ಟು ನಾವು ಅವಳ ಹೊತ್ತನ್ನು ವಾಪಸ್ ತಂದುಕೊಂಡೆವು. ಅಪ್ಪನಿಗೆ ಹಾಸ್ಟೆಲ್ ಒಪ್ಪಿಗೆಯಾಗಿದ್ದು ಈ ಒಂದು ಲೆಕ್ಕದಿಂದ. "ಗದ್ದೆ ಕೆಲ್ಸಕ್ಕೆ ಆಳು ಕರೆದ್ರೆ ಇದಕ್ಕಿಂತ ಜಾಸ್ತಿ ಕೊಡ್ತೀವಲ್ಲಪ್ಪ" ಅಂದರು.

ನಿಮ್ಮ ಮನೆಗೂ ಈ ಭಾಗಾಕಾರ ಮಾಡಿ. ಮನೆ ಬಾಗಿಲಿನಿಂದ ಕ್ಲಾಸಿನ ಬಾಗಿಲಿಗೆ ಒಂದು ಗಂಟೆಯೊಳಗಿನ ದಾರಿಯಾದರೆ ನಾನು ಮನೆಯಲ್ಲೇ ಇರಿ ಅನ್ನುತ್ತೇನೆ. ಮನೆಯ ಊಟ, ಮನೆಯವರ ಕಣ್ಣು, ಉಳಿಯುವ ದುಡ್ಡು, ಮೂರೂ ಸಿಗುತ್ತವೆ. ಒಂದೂವರೆ ಗಂಟೆಯಾದರೆ ಕೋರ್ಸು ನೋಡಿ. ಬಿ.ಎ., ಬಿ.ಕಾಂ. ತರಗತಿ ಮಧ್ಯಾಹ್ನಕ್ಕೇ ಮುಗಿಯುವ ಕಡೆ ನಡೆದುಹೋಗುತ್ತದೆ. ಸಂಜೆಯವರೆಗೆ ಲ್ಯಾಬ್ ಇರುವ ವಿಜ್ಞಾನ, ನರ್ಸಿಂಗ್, ಎಂಜಿನಿಯರಿಂಗ್‌ಗೆ ಕಷ್ಟ. ಎರಡು ಗಂಟೆ ಮೀರಿದರೆ ದುಡ್ಡು ಹೊಂದಿಸುವ ದಾರಿ ಹುಡುಕಿ, ಮಗುವನ್ನು ದಿನಾ ಓಡಾಡಿಸಬೇಡಿ.

ಮನೆಯಲ್ಲಿ ಓದಲು ಜಾಗ ಇದೆಯಾ ಅನ್ನೋದನ್ನೂ ಕೇಳಿಕೊಳ್ಳಿ. ಒಂದೇ ಕೋಣೆ, ಅದರಲ್ಲೇ ಟಿ.ವಿ., ವಾರಕ್ಕೆ ಎರಡು ಸಲ ನೆಂಟರು ಅಂದರೆ ಹತ್ತಿರದ ಕಾಲೇಜಾದರೂ ಓದು ಸಾಗುವುದಿಲ್ಲ. ಅಂಥ ಮಕ್ಕಳಿಗೆ ಕಾಲೇಜು ಲೈಬ್ರರಿ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಅಂತ ವಿಚಾರಿಸಿ.

5. ದುಡ್ಡು ಕಟ್ಟುವ ಮೊದಲು ಸರ್ಕಾರಿ ದಾರಿಗಳು

ಸಮಾಜ ಕಲ್ಯಾಣ ಇಲಾಖೆ, ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆ, ಅಲ್ಪಸಂಖ್ಯಾತರ ಇಲಾಖೆಗಳ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳು ಜಿಲ್ಲಾ ಕೇಂದ್ರಗಳಲ್ಲೂ ತಾಲ್ಲೂಕುಗಳಲ್ಲೂ ಇವೆ. ಜನ ಬಿ.ಸಿ.ಎಂ. ಹಾಸ್ಟೆಲ್ ಅನ್ನುವುದು ಹಿಂದುಳಿದ ವರ್ಗದವರ ಹಾಸ್ಟೆಲ್‌ಗೆ. ಊಟ, ವಸತಿ ಎರಡೂ ಉಚಿತ. ಅರ್ಜಿ ರಾಜ್ಯ ಹಾಸ್ಟೆಲ್ ಪೋರ್ಟಲ್‌ನಲ್ಲಿ, ಅದಕ್ಕೆ ಕೊನೇ ದಿನಾಂಕ ಇರುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರುವ ಆರ್‌.ಡಿ. ನಂಬರ್ ಬೇಕು. ಇವನ್ನು ಮೇ ತಿಂಗಳಲ್ಲೇ ನಾಡಕಚೇರಿಯಿಂದ ಮಾಡಿಸಿಟ್ಟುಕೊಳ್ಳಿ. ರಿಸಲ್ಟ್ ಬಂದ ಮೇಲೆ ಅಲ್ಲಿ ರಶ್ಶು.

ಈ ಹಾಸ್ಟೆಲ್ಲುಗಳಲ್ಲಿ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ. ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು, ಅಂದರೆ ವರ್ಷಕ್ಕೆ 15,000 ರೂಪಾಯಿ ಊಟ-ವಸತಿಗೆ ಕೊಡುವ ಯೋಜನೆಯಾಗಿ ಇದು ಶುರುವಾಯಿತು. ಅರ್ಜಿ ಹಾಕುವಾಗ ಈ ವರ್ಷದ ಮೊತ್ತ, ಷರತ್ತು ನೋಡಿಕೊಳ್ಳಿ.

ಪರಿಶಿಷ್ಟ ಜಾತಿಯ ಮಕ್ಕಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಹಾಸ್ಟೆಲ್ಲಿನಲ್ಲಿ ಇರುವವರಿಗೂ ಮನೆಯಿಂದ ಬರುವವರಿಗೂ ಬೇರೆ ಬೇರೆ ಭತ್ಯೆ. 2021ರ ಕೇಂದ್ರ ನಿಯಮದಂತೆ ಬಿ.ಎ., ಬಿ.ಎಸ್‌ಸಿ.ಯಂಥ ಪದವಿಗೆ ಹಾಸ್ಟೆಲ್ ವಾಸಿಗಳಿಗೆ ವರ್ಷಕ್ಕೆ 6,000, ಮನೆಯಿಂದ ಬರುವವರಿಗೆ 3,000. ಎಂಜಿನಿಯರಿಂಗ್, ಮೆಡಿಕಲ್‌ಗೆ 13,500 ಮತ್ತು 7,000. ಆದ್ದರಿಂದ ಅರ್ಜಿಯಲ್ಲಿ ಎಲ್ಲಿದ್ದೀರಿ ಅನ್ನುವುದನ್ನು ಸರಿಯಾಗಿ ತುಂಬಿ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರದಿದ್ದರೆ ಮಂಜೂರಾದ ದುಡ್ಡೂ ಬರುವುದಿಲ್ಲ.

ಮಠಗಳ, ಸಮುದಾಯಗಳ ವಿದ್ಯಾರ್ಥಿ ನಿಲಯಗಳನ್ನು ಮರೆಯಬೇಡಿ. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಉಚಿತ ಊಟ, ವಸತಿಯಲ್ಲಿ ಓದುತ್ತಾರೆ. ಮೈಸೂರು, ಬೆಂಗಳೂರು, ಧಾರವಾಡದಲ್ಲಿ ಹಳೆಯ ನಿಲಯಗಳು ಎಷ್ಟೋ ಇವೆ. ಒಂದು ಕಾಲದಲ್ಲಿ ಊರು ಬಿಟ್ಟು ಬಂದ ಬಡ ಹುಡುಗರು ವಾರಾನ್ನ ಮಾಡಿಕೊಂಡು, ದಿನಕ್ಕೊಂದು ಮನೆಯಲ್ಲಿ ಉಂಡು ಓದುತ್ತಿದ್ದರು. ಅಂಥವರಿಗೆ ನೆಲೆಯಾಗಲಿ ಅಂತ ಹಿರಿಯರು ಕಟ್ಟಿಸಿದ ನಿಲಯಗಳು ಇವತ್ತಿಗೂ ಕಡಿಮೆ ದುಡ್ಡಿಗೆ ಮಕ್ಕಳನ್ನು ಸೇರಿಸಿಕೊಳ್ಳುತ್ತಿವೆ. ಹೋಗಿ ಕೇಳುವುದಕ್ಕೆ ಸಂಕೋಚ ಬೇಡ.

ಸಾಲ ಮಾಡುವುದಾದರೆ, ಶಿಕ್ಷಣ ಸಾಲದಲ್ಲಿ ಹಾಸ್ಟೆಲ್ ಖರ್ಚನ್ನೂ ಸೇರಿಸಬಹುದು. ಸಾಮಾನ್ಯವಾಗಿ ಕೋರ್ಸು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಮೊದಲ ದಿನದಿಂದಲೇ ಓಡುತ್ತಿರುತ್ತದೆ. ಹಾಸ್ಟೆಲ್ಲಿನ ದುಡ್ಡನ್ನಾದರೂ ಕೈಯಿಂದ ಕಟ್ಟಲು ಆದರೆ ಅದನ್ನು ಸಾಲಕ್ಕೆ ಸೇರಿಸಬೇಡಿ.

6. ಪಿ.ಜಿ. ಆದರೆ ಕಾಗದ ಗಟ್ಟಿ ಮಾಡಿಕೊಳ್ಳಿ

ನನ್ನ ಚಿಕ್ಕಪ್ಪನ ಮಗ ಬೆಂಗಳೂರಿನ ಒಂದು ಪಿ.ಜಿ.ಯಲ್ಲಿದ್ದ. ಬಿಡುವಾಗ 10,000 ಡಿಪಾಸಿಟ್ಟಿನಲ್ಲಿ ಪೇಂಟಿಂಗ್, ಕ್ಲೀನಿಂಗ್ ಅಂತ 4,000 ಹಿಡಿದುಕೊಂಡರು. ಸೇರುವಾಗ ಆ ಮಾತೇ ಬಂದಿರಲಿಲ್ಲ, ಬರಹದಲ್ಲೂ ಏನೂ ಇರಲಿಲ್ಲ. ಆದ್ದರಿಂದ ಎಷ್ಟು ವಾಪಸ್, ಎಷ್ಟು ದಿನ ಮೊದಲು ಹೇಳಬೇಕು, ಕರೆಂಟು ಬಿಲ್ಲು ಬೇರೆಯೋ ಸೇರಿಯೋ, ಇವನ್ನು ರಸೀದಿಯ ಮೇಲೇ ಬರೆಸಿಕೊಳ್ಳಿ. ಸೇರಿದ ದಿನವೇ ಗೋಡೆ, ಮಂಚ, ಬಾತ್‌ರೂಮಿನ ವೀಡಿಯೊ ಮಾಡಿ ಮಾಲೀಕರಿಗೇ ವಾಟ್ಸಾಪ್ ಮಾಡಿ. ದಿನಾಂಕ ಅದರಲ್ಲೇ ಇರುತ್ತದೆ.

ಬಾಡಿಗೆ ಮೇಲೆ ಜಿ.ಎಸ್‌.ಟಿ. ಅಂತ ಸೇರಿಸಿದರೆ ಸುಮ್ನೆ ಕೊಡಬೇಡಿ. 2024ರ ಜುಲೈಯಿಂದ, ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿವರೆಗಿನ ಹಾಸ್ಟೆಲ್, ಪಿ.ಜಿ. ವಸತಿಗೆ, ಕನಿಷ್ಠ 90 ದಿನ ಸತತವಾಗಿ ಇರುವುದಾದರೆ, ಜಿ.ಎಸ್‌.ಟಿ. ವಿನಾಯಿತಿ ಇದೆ.

ಪಿ.ಜಿ. ನೋಡಲು ಹಗಲು ಹೋಗಬೇಡಿ, ರಾತ್ರಿ ಊಟದ ಹೊತ್ತಿಗೆ ಹೋಗಿ. ಸಾರಿನ ಪಾತ್ರೆ ನೋಡಿ, ನಲ್ಲಿ ತಿರುಗಿಸಿ ನೋಡಿ, ಅಲ್ಲೇ ಇರುವ ಇಬ್ಬರು ಮಕ್ಕಳನ್ನು ಮಾತಾಡಿಸಿ.

7. ನಡುವಿನ ದಾರಿಗಳೂ ಇವೆ

ಮೂರು-ನಾಲ್ಕು ಜನ ಸೇರಿ ರೂಮು ಮಾಡಿ ಅಡುಗೆ ಮಾಡಿಕೊಂಡರೆ ತುಂಬ ಅಗ್ಗ. ವಿಳಾಸದ ದಾಖಲೆ ಇಲ್ಲದೆಯೂ 5 ಕೆ.ಜಿ.ಯ ಚಿಕ್ಕ ಸಿಲಿಂಡರ್ ಸಿಗುತ್ತದೆ. ಊರಿನಿಂದ ಅಕ್ಕಿ, ರಾಗಿ ಹಿಟ್ಟು, ತೆಂಗಿನಕಾಯಿ ಕಳಿಸಬಹುದಾದ ರೈತರ ಮನೆಯವರಿಗೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಅಡುಗೆ, ಪಾತ್ರೆಗೆ ದಿನಕ್ಕೆ ಒಂದೂವರೆ ಗಂಟೆ ಹಿಡಿಯಿರಿ, ಅದನ್ನೂ ಗಂಟೆಗಳ ಲೆಕ್ಕಕ್ಕೆ ಬರೆಯಿರಿ.

ನೆಂಟರ ಮನೆಯಲ್ಲಿ ಬಿಡುವುದಾದರೆ ತಿಂಗಳಿಗೆ ಇಷ್ಟು ಅಂತ ಮೊದಲೇ ಮಾತಾಡಿ, ದುಡ್ಡಾಗಿಯೋ ದಿನಸಿಯಾಗಿಯೋ ಕೊಡಿ. ದುಡ್ಡು ಬೇಡ ಅಂದರೂ ಅಕ್ಕಿ ಮೂಟೆ ಕಳಿಸಿ. ಮಗು ಆ ಮನೆಯಲ್ಲಿ ತಲೆ ಎತ್ತಿ ಇನ್ನೊಂದು ಮುದ್ದೆ ಕೇಳುವಂತಿರಬೇಕು.

ಮೊದಲ ಸೆಮಿಸ್ಟರ್ ಮನೆಯಿಂದ ಓಡಾಡಿ, ಆಮೇಲೆ ತೀರ್ಮಾನ ಮಾಡುವುದೂ ಒಳ್ಳೆಯದೇ. ಹಾಗೆ ಮಾಡುವುದಾದರೆ ನಡುವೆ ಹಾಸ್ಟೆಲ್ ಸೀಟು ಸಿಗುತ್ತದೆಯೇ ಅಂತ ವಾರ್ಡನ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಓಡಾಡುವ ಆರು ತಿಂಗಳು ನೋಟ್‌ಬುಕ್ ಮಗುವಿನ ಕೈಯಲ್ಲೇ ಇರಲಿ. ಮನೆ ಬಿಟ್ಟ ಹೊತ್ತು, ಬಂದ ಹೊತ್ತು, ಖರ್ಚಾದ ದುಡ್ಡು, ಇಷ್ಟು ಬರೆದರೆ ಸಾಕು. ಸೆಮಿಸ್ಟರ್ ರಜೆಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಅದನ್ನು ತೆರೆಯಿರಿ.